ಬದುಕಿದ್ದವಳ ಚಟ್ಟ

"ಯಾರು ಸತ್ರು?"

ಊರಿಗೆ ನಮಾಜು ಮಾಡಿಸುವ ಫಕೀಹ ಸೀ ಅಲ್ಲಾಲ್ ಮಸೀದಿಯ ಕಟ್ಟೆಯ ಮೇಲೆ ಕೂತು ಕಾಲು ತೊಳೆಯುತ್ತಿದ್ದ. ಕೇಳಿದನೇ ಹೊರತು ತಲೆ ಎತ್ತಲಿಲ್ಲ.

"ಯಾರೂ ಸತ್ತಿಲ್ಲ," ಅಂದೆ. "ಸಾಯಬಾರ್ದು ಅಂತನ ಚಟ್ಟ ಕೇಳಾಕ ಬಂದೀವಿ."

"ಹಂಗಾರ ಸತ್ತ ಮ್ಯಾಲ ಬರ್ರಿ."

ನನ್ನ ಬೆನ್ನಿಗೆ ಅತ್ತೆ ಯಮ್ನಾ ನಿಂತಿದ್ದಳು, ಪಕ್ಕದಲ್ಲಿ ವಿಧವೆ ಮಾಮಾಸ್. ಮನೆಯೊಳಗೆ ನನ್ನ ನೆಗೆಣ್ಣಿ ತೂದಾ ನಿನ್ನೆಯಿಂದ ಹೆರಿಗೆ ನೋವು ತಿನ್ನುತ್ತಿದ್ದಳು. ಎಣ್ಣೆ ಹಚ್ಚಿದ್ದಾಯಿತು, ಹಗ್ಗ ಹಿಡಿಸಿ ಕೂರಿಸಿದ್ದಾಯಿತು, ಅತ್ತೆ ತನ್ನ ಕೈಗೆ ಗೊತ್ತಿದ್ದದ್ದನ್ನೆಲ್ಲ ಮಾಡಿ ಮುಗಿಸಿದ್ದಳು. ಬೆಳಗಿನ ಹೊತ್ತಿಗೆ ಕೂಸಿನ ಒಂದು ಕೈ ಹೊರಗೆ ಬಂದು, ಅಲ್ಲೇ ನಿಂತುಬಿಟ್ಟಿತ್ತು. ಅದನ್ನು ಕಂಡದ್ದೇ ಅತ್ತೆ ಕೈ ತೊಳೆದುಕೊಂಡು ಎದ್ದಿದ್ದಳು.

ನಮ್ಮ ಊರು ಅಮ್ದೂನ್ ಅಟ್ಲಾಸ್ ಬೆಟ್ಟದ ಎದೆಯ ಮೇಲಿದೆ. ಟಾರು ರಸ್ತೆ ಕೆಳಗೆ ಹಳ್ಳದ ತನಕ ಬಂದು ದಣಿದು ಕೂತುಬಿಡುತ್ತದೆ. ಹೇಸರಗತ್ತೆಯ ಮೇಲೆ ಕೂರಲಾರದವರನ್ನು ಇಳಿಸಲು ಇರುವುದು ಒಂದೇ, ಮಸೀದಿಯ ಚಟ್ಟ. ಕಾಲು ಮುರಿದವನು ಅದರಲ್ಲೇ ಹೋಗುತ್ತಾನೆ, ಹೆರಿಗೆ ಕಷ್ಟವಾದವಳೂ ಅದರಲ್ಲೇ ಹೋಗುತ್ತಾಳೆ. ಬದುಕಿದವರು ನಡೆದು ವಾಪಸು ಬರುತ್ತಾರೆ, ಉಳಿದವರು ಅದರಲ್ಲೇ ಬರುತ್ತಾರೆ. ಒಟ್ಟಿನಲ್ಲಿ ಆ ಚಟ್ಟಕ್ಕೆ ಕೆಲಸ ತಪ್ಪಿದ್ದಿಲ್ಲ.

ಹೊರುವವರು ಮಾತ್ರ ಗಂಡಸರು. ಹೆಂಗಸರು ಚಟ್ಟಕ್ಕೆ ಹೆಗಲು ಕೊಡುವುದಿರಲಿ, ಅದರ ಹಿಂದೆ ನಡೆಯುವ ಹಾಗೂ ಇಲ್ಲ. ಆವತ್ತು ಊರಲ್ಲಿ ಹೊರುವಂಥ ಒಬ್ಬ ಗಂಡಸೂ ಇರಲಿಲ್ಲ. ಕೆಳಗಿನ ಪೇಟೆಗೆ ಗವರ್ನರ್ ಬರುವವನಿದ್ದ. ನಮ್ಮ ಸೀಮೆಯ ಸರಕಾರಿ ಅಧಿಕಾರಿ ಕಾಯಿದ್ ಸಾಹೇಬ ಹಳ್ಳದ ತನಕ ಲಾರಿ ಕಳಿಸಿ, ನಸುಕಿನಲ್ಲೇ ಎಲ್ಲರನ್ನೂ ತುಂಬಿಸಿಕೊಂಡು ಹೋಗಿದ್ದ. ಬರದವನ ಮನೆಗೆ ಚಳಿಗಾಲದ ಹಿಟ್ಟು ಬರುವುದಿಲ್ಲ ಎಂದು ಅವನ ಆಳು ಮೊದಲೇ ಮನೆಮನೆಗೆ ಹೇಳಿ ಹೋಗಿದ್ದ. ತೂದಾಳ ಗಂಡನ ಹೆಸರು ಬಸ್ಸೂ, ಅವನು ಕೂಡ ಹೆಂಡತಿಯ ಚೀರಾಟ ಕೇಳುತ್ತಲೇ ಹೋಗಿ ಲಾರಿ ಹತ್ತಿದ. ನನ್ನ ಗಂಡ ಕಾಸಾಬ್ಲಾಂಕಾದಲ್ಲಿ ಯಾರದೋ ಮನೆಗೆ ಇಟ್ಟಿಗೆ ಹೊರುತ್ತಿದ್ದಾನೆ.

"ಸೀ ಅಲ್ಲಾಲ್, ಕೈ ಮುಗೀತೀನಿ," ಅಂದಳು ಅತ್ತೆ. "ಹುಡುಗಿ ಸಾಯ್ತಾಳ."

"ಹೋದ ವರ್ಷ ಮಾಮಾಸಳ ಸೊಸಿನ್ನ ಇಳಿಸಿದ್ರಿ. ರಕ್ತ ಮರದಾಗ ಇಳದು ಕುಂತೈತಿ. ಎಷ್ಟ ತಿಕ್ಕಿದ್ರೂ ಹೋಗವಲ್ದು. ಮುಸಲ್ಮಾನರ ಹೆಣ ಮಲಗೂ ಜಾಗದಾಗ ಹೆಂಗಸರ ಹೊಲಸು." ಅವನು ಕಾಲು ಒರೆಸಿಕೊಂಡು ಹೊಸ ಹಳದಿ ಚಪ್ಪಲಿ ಮೆಟ್ಟಿದ.

ಮಾಮಾಸ್ ಮುಂದೆ ಬಂದಳು. "ಆಕಿ ಹೆಣ ಆಗಿ ಬಂದಾಗ ಅದ ಚಟ್ಟದ ಮುಂದ ನಿಂತು ನಮಾಜ್ ಮಾಡ್ದಿ. ಅವಾಗ ಆ ರಕ್ತ ಹಲಾಲ್ ಆಗಿತ್ತೇನು?"

ಫಕೀಹ ಕಟ್ಟೆ ಇಳಿದ. ಅವನ ಹೇಸರಗತ್ತೆ ಜೀನು ಕಟ್ಟಿಸಿಕೊಂಡು ನಿಂತಿತ್ತು. ಗವರ್ನರ್ ಮುಂದೆ ದುವಾ ಓದಲು ಕಾಯಿದ್ ಅವನನ್ನೂ ಕರೆಸಿದ್ದ.

ನಾನು ಹೆಣ ತೊಳೆಯುವ ಕೋಣೆಗೆ ನುಗ್ಗಿದೆ. ಆಕ್ರೋಡು ಮರದ ಆ ಚಟ್ಟ ಗೋಡೆಯ ಗೂಟಕ್ಕೆ ನೇತುಬಿದ್ದಿತ್ತು. ಒಂದು ತುದಿ ನಾನು, ಇನ್ನೊಂದು ಮಾಮಾಸ್ ಹಿಡಿದು ಅಂಗಳಕ್ಕೆ ತಂದೆವು.

"ಮುಟ್ಟಬ್ಯಾಡ್ರಿ. ಹೆಂಗಸರು ಹೆಗಲು ಕೊಟ್ರ ಊರಿಗೆ ಕೇಡು."

"ಗಂಡಸಿನ ಹೆಗಲು ಎಲ್ಲೈತಿ ತೋರ್ಸು, ಅದಕ್ಕ ಕೊಡ್ತೀವಿ," ಅಂದೆ. "ನಿಂದ ಒಂದು ಐತಲ್ಲ. ಬಾ, ಹಿಡಿ."

ಅವನು ಹೇಸರಗತ್ತೆಯ ಹಗ್ಗ ಬಿಚ್ಚತೊಡಗಿದ. ಚಟ್ಟಕ್ಕೆ ನಾಲ್ಕು ಹಿಡಿ. ಉಳಿದ ಹೆಂಗಸರು ಕೇಡಿಗೆ ಹೆದರಿ ಬಾಗಿಲು ದಾಟಿರಲಿಲ್ಲ; ನಾವಿದ್ದವರು ಮೂವರು, ಅದರಲ್ಲೂ ಅತ್ತೆಗೆ ಸೊಂಟವಿಲ್ಲ. ಅಷ್ಟರಲ್ಲಿ ಮಸೀದಿಗೆ ಅಂಟಿದ ಮನೆಯ ಬಾಗಿಲು ತೆರೆದು ಫಕೀಹನ ಹೆಂಡತಿ ಇಜ್ಜಾ ಹೊರಗೆ ಬಂದಳು. ಅವಳನ್ನು ನಾವು ಹಗಲಲ್ಲಿ ಅಂಗಳದಲ್ಲಿ ಕಂಡದ್ದೇ ಕಡಿಮೆ.

"ಒಳಗ ಹೋಗು," ಅಂದ ಗಂಡ.

"ನನ್ನ ಎರಡ ಕೂಸು ಆ ಹೊಸ್ತಿಲ ಒಳಗ ಸತ್ತು," ಅಂದಳು ಇಜ್ಜಾ, ಸೆರಗನ್ನು ಸೊಂಟಕ್ಕೆ ಬಿಗಿಯುತ್ತ. "ಒಳಗ ಹೋಗು ಅನ್ನಬ್ಯಾಡ ನನಗ."

*

ತೂದಾಳನ್ನು ಚಟ್ಟದ ಮೇಲೆ ಮಲಗಿಸಿ, ಕೆಳಗೆ ಕುರಿಯ ಚರ್ಮ ಹಾಸಿ, ಮೇಲೆ ಬಿಳಿ ಉಣ್ಣೆಯ ಶಾಲು ಹೊದಿಸಿದೆವು. ಕಾಲುದಾರಿ ಬರೀ ಕಲ್ಲು. ಮುಂದೆ ನಾನು ಮತ್ತು ಮಾಮಾಸ್, ಹಿಂದೆ ಇಜ್ಜಾ ಮತ್ತು ಅತ್ತೆ. ಸೊಂಟವಿಲ್ಲದ ಅತ್ತೆಗೆ ಎಲ್ಲಿಂದ ಶಕ್ತಿ ಬಂತೋ, ಕೆಳಗಿಳಿಸಿ ಎಂದು ಅವಳು ಒಮ್ಮೆಯೂ ಕೇಳಲಿಲ್ಲ.

ನೋವಿನ ನಡುವೆ ಬಿಡುವು ಸಿಕ್ಕಾಗ ತೂದಾ ಶಾಲು ಸರಿಸಿ ಕೇಳಿದಳು.

"ಆ ಬಸ್ಸೂ ಎಲ್ಲಿ ಸತ್ತಾನ?"

"ಬಾವುಟ ಹಿಡಕೊಂಡು ನಿಂತಾನ, ಗವರ್ನರ್‌ಗೆ," ಅಂದೆ.

"ಹತ್ತಾಕ ಬರ್ತೈತಿ, ಹೊರಾಕ ಬರಂಗಿಲ್ಲ ಭಾಡ್ಯಾಗ."

ಮಾಮಾಸ್ ನಕ್ಕಳು. ಇಜ್ಜಾ ಕೂಡ ನಕ್ಕಳು, ಅವಳ ನಗುವನ್ನು ನಾನು ಕೇಳಿದ್ದು ಅದೇ ಮೊದಲು. ಚಟ್ಟ ಅಲುಗಿತು.

"ನನ್ನ ಮಗನ್ನ ಬೈತಿ, ನನ್ನ ಹೆಗಲ ಮ್ಯಾಲ ಮಲಕೊಂಡು," ಅಂದಳು ಅತ್ತೆ.

"ಬೈಯಾಕ ಬಿಡ ಅತ್ತಿ. ಸತ್ರ ಯಾರು ಬೈತಾರ ಅವಂಗ?"

"ಸಾಯಂಗಿಲ್ಲ ನೀ. ಬೈ, ಬೈ. ನಾನೂ ಎರಡು ಸೇರಸ್ತೀನಿ."

ಹಿಂದಿನಿಂದ ಗೊರಸಿನ ಸದ್ದು ಕೇಳಿತು. ಫಕೀಹ ಹೇಸರಗತ್ತೆಯ ಮೇಲೆ ಬರುತ್ತಿದ್ದ, ಇಸ್ತ್ರಿ ಮಾಡಿದ ಬಿಳಿ ನಿಲುವಂಗಿಯಲ್ಲಿ. ದಾರಿ ಚಟ್ಟಕ್ಕಷ್ಟೇ ಸಾಕಾಗುವಂಥದ್ದು. "ದಾರಿ ಬಿಡ್ರಿ," ಅಂದ. ನಾವು ಚಟ್ಟವನ್ನು ಬಂಡೆಗೆ ಒತ್ತಿಹಿಡಿದು, ಉಸಿರು ಬಿಗಿದು ನಿಂತೆವು. ಅವನು ತನ್ನ ಹೆಂಡತಿಯ ಮುಖವನ್ನೂ ನೋಡದೆ, ಚಟ್ಟದಲ್ಲಿ ಮುಲುಗುತ್ತಿದ್ದವಳನ್ನೂ ನೋಡದೆ ದಾಟಿ ಹೋದ. ಪುಣ್ಯಾತ್ಮನಿಗೆ ದುವಾ ಓದುವ ಅವಸರವಿತ್ತು.

*

ಪೇಟೆಯ ಬಾಯಲ್ಲಿ ಬಟ್ಟೆಯ ಕಮಾನು ಕಟ್ಟಿದ್ದರು. ದೊಡ್ಡ ಡೇರೆ, ಕೆಂಪು ಜಮಖಾನೆ, ಸಾಲಾಗಿ ಕುದುರೆಗಳು. ರಸ್ತೆಯ ಎರಡೂ ಬದಿಗೆ ಹಗ್ಗ ಕಟ್ಟಿ, ಅದರ ಹಿಂದೆ ಬೆಟ್ಟದ ಊರುಗಳ ಗಂಡಸರನ್ನೆಲ್ಲ ಬಾವುಟ ಕೊಟ್ಟು ನಿಲ್ಲಿಸಿದ್ದರು. ಕಮಾನಿನಾಚೆ ಹೊಸದಾಗಿ ಗುಲಾಬಿ ಬಣ್ಣ ಬಳಿದ ಕಟ್ಟಡ. ಅದೇ ಹೊಸ ಹೆರಿಗೆ ಮನೆ. ಬಾಗಿಲಿಗೆ ಅಡ್ಡಲಾಗಿ ಕೆಂಪು ಟೇಪು ಕಟ್ಟಿತ್ತು. ಅದರ ಮುಂದೆ ಹೊಚ್ಚ ಹೊಸ ಆಂಬುಲೆನ್ಸ್, ಅದರ ಮೂತಿಗೂ ಕೆಂಪು ರಿಬ್ಬನ್ನು.

ಕಾವಲಿನವನು ಕೋಲು ಅಡ್ಡ ಹಿಡಿದ. "ಇವತ್ತು ಈ ದಾರಿಯಲ್ಲಿ ಹೆಣ ಒಯ್ಯುವ ಹಾಗಿಲ್ಲ. ಸುತ್ತಿ ಹೋಗಿ."

ಬೆಟ್ಟದಲ್ಲಿ ಚಟ್ಟ ಕಂಡರೆ ಒಳಗಿರುವವರು ಸತ್ತಿದ್ದಾರೋ ಬದುಕಿದ್ದಾರೋ ಎಂದು ಕೇಳುತ್ತೇವೆ. ಕೆಳಗಿನವರು ಕೇಳುವುದಿಲ್ಲ. ನನಗೆ ಅರಬ್ಬಿ ಬರುತ್ತದೆ, ಚಿಕ್ಕಂದಿನಲ್ಲಿ ಪಟ್ಟಣದ ಮನೆಯೊಂದರಲ್ಲಿ ಕಸ ಮುಸುರೆ ಮಾಡಿಕೊಂಡಿದ್ದೆ. "ಹೆಣ ಅಲ್ಲ ಸಾಹೇಬರೆ, ಬಸುರಿ ಹೆಂಗಸು. ಹೆರಿಗೆ ನಿಂತುಬಿಟ್ಟಿದೆ," ಅಂದೆ.

ಕಾಯಿದ್ ಸಾಹೇಬನೇ ಬಂದ. ಬಿಳಿ ಸಮವಸ್ತ್ರ, ಹೆಗಲ ಮೇಲೆ ಹೊಳೆಯುವ ಪಟ್ಟಿ. ಶಾಲನ್ನು ಬೆರಳ ತುದಿಯಿಂದ ಎತ್ತಿ ನೋಡಿ ತಕ್ಷಣ ಬಿಟ್ಟ.

"ಯಾವ ಊರು?"

"ಅಮ್ದೂನ್."

"ಹಾಡಲು ಹೆಂಗಸರನ್ನು ಕಳಿಸಿ ಅಂದರೆ ಚಟ್ಟ ಕಳಿಸಿದ್ದಾರೆ," ಅಂತ ಪಕ್ಕದವನಿಗೆ ಹೇಳಿದ. ಪಕ್ಕದವನು ನಕ್ಕ.

"ಹೆರಿಗೆ ಮನೆ ಇಲ್ಲೇ ಇದೆಯಲ್ಲ ಸಾಹೇಬರೆ. ಒಳಗೆ ಮಲಗಿಸುತ್ತೇವೆ."

"ಅದಿನ್ನೂ ಶುರುವಾಗಿಲ್ಲ. ಗವರ್ನರ್ ಸಾಹೇಬರು ಟೇಪು ಕತ್ತರಿಸಬೇಕು."

"ಆಂಬುಲೆನ್ಸ್ ಆದರೂ ಕೊಡಿ."

"ಅದರ ಕೀಯನ್ನು ಅವರೇ ಕೈಯಾರೆ ಕೊಡಬೇಕು. ಅದೂ ಕಾರ್ಯಕ್ರಮದಲ್ಲಿದೆ."

"ಅವರು ಬರುವುದು ಯಾವಾಗ?"

"ಅವರು ಬಂದಾಗ," ಅಂದ ಕಾಯಿದ್. ನಮ್ಮನ್ನು ಕಟ್ಟಡದ ಹಿಂದಕ್ಕೆ ಸಾಗಿಸಲು ಕಾವಲಿನವರಿಗೆ ಕೈಸನ್ನೆ ಮಾಡಿದ.

ಹಗ್ಗದ ಹಿಂದಿನಿಂದ ಬಸ್ಸೂ ನಮ್ಮನ್ನು ನೋಡಿದ. ಬಾವುಟ ಹಿಡಿದುಕೊಂಡೇ ಹಗ್ಗದ ಕೆಳಗೆ ನುಸುಳಿ ಓಡಿಬಂದ. ಕೋಲು ಅವನ ಕಿವಿಯ ಮೇಲೆ ಬಿತ್ತು, ಇನ್ನೊಂದು ಮೊಣಕಾಲಿಗೆ ಬಿತ್ತು. ಕುಂಟುತ್ತ ಹಗ್ಗದ ಹಿಂದೆ ಹೋಗಿ ನಿಂತ. ಬಾವುಟ ಮಾತ್ರ ಕೈಬಿಟ್ಟಿರಲಿಲ್ಲ. ಆ ಕೋಲು ಹಿಡಿದವನ ಮೇಲೆ ಬಂದಷ್ಟೇ ಸಿಟ್ಟು ನನಗೆ ಅವನ ಮೇಲೂ ಬಂತು.

*

ಕಟ್ಟಡದ ಹಿಂದೆ ಔತಣಕ್ಕೆ ಕುರಿ ಸುಲಿಯುತ್ತಿದ್ದರು. ಕರುಳಿನ ರಾಶಿಯ ಪಕ್ಕದಲ್ಲಿ ಚಟ್ಟ ಇಳಿಸಿದೆವು. ಅಡುಗೆಯವರು ನಮ್ಮತ್ತ ನೋಡಿ ಹೊಗೆಯ ಕಡೆ ಮುಖ ತಿರುಗಿಸಿದರು.

ಬಿಳಿ ಕೋಟಿನ ಹುಡುಗಿಯೊಬ್ಬಳು ಗೋಡೆಯ ಮೂಲೆಯಿಂದ ಬಗ್ಗಿ ಬಂದಳು. ಹೆರಿಗೆ ಮನೆಗೆ ಹೊಸದಾಗಿ ಹಾಕಿದ ನರ್ಸು. ಸ್ವಾಗತದ ಸಾಲಿನಿಂದ ಕಣ್ಣು ತಪ್ಪಿಸಿ ಬಂದಿದ್ದಳು. ಶಾಲಿನೊಳಗೆ ಕೈ ಹಾಕಿ ಹೊಟ್ಟೆ ಮುಟ್ಟಿದಳು, ಕೆಳಗೆ ನೋಡಿದಳು.

"ಕೂಸು ಅಡ್ಡ ಇದೆ. ಹೊಟ್ಟೆ ಕೊಯ್ದೇ ತೆಗೆಯಬೇಕು, ಇಲ್ಲಿ ಆಗಲ್ಲ. ಪಟ್ಟಣದ ದೊಡ್ಡಾಸ್ಪತ್ರೆಗೆ ಹೋಗಬೇಕು, ಈಗಲೇ. ತಡವಾದರೆ ಗರ್ಭಕೋಶ ಒಡೆಯುತ್ತೆ. ಇಬ್ಬರೂ ಹೋಗ್ತಾರೆ."

ನಾನು ನಮ್ಮವರಿಗೆ ನಮ್ಮ ಮಾತಿನಲ್ಲಿ ಹೇಳಿದೆ. ಹೇಳುವಾಗ ತೂದಾ ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಯಾವುದನ್ನೂ ಮುಚ್ಚಿಡಲಿಲ್ಲ.

"ಈ ಮನ್ಯಾಗ ಏನೈತಿ ಅಂತ ಕೇಳು," ಅಂದಳು ಅತ್ತೆ.

ಕೇಳಿದೆ. "ಮಂಚ ಇದೆ," ಅಂದಳು ಹುಡುಗಿ. "ಹೂಕುಂಡ ಇದೆ. ಔಷಧಿ ಇನ್ನೂ ಬಂದಿಲ್ಲ." ಆಮೇಲೆ ನನ್ನ ಮೊಣಕೈ ಹಿಡಿದು, "ನಾನು ಹೇಳಿದೆ ಅಂತ ಹೇಳಬೇಡಿ ಅಕ್ಕ," ಅಂದು ಓಡಿಹೋದಳು.

ನಾನು ಆಂಬುಲೆನ್ಸ್ ಇದ್ದಲ್ಲಿಗೆ ಹೋದೆ. ಅದರ ಡ್ರೈವರ್ ಹೊಸ ಟೋಪಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದ. "ಅಣ್ಣಾ, ನೀನೂ ತಾಯಿ ಹೊಟ್ಟೆಯಿಂದ ಬಂದವನು," ಅಂದೆ. "ಕೀ ನನ್ನ ಹತ್ತಿರ ಇಲ್ಲ ತಂಗಿ," ಅಂತ ಗದ್ದದಿಂದ ಡೇರೆಯತ್ತ ತೋರಿಸಿದ. ಡೇರೆಯೊಳಗೆ ಮೇಜು, ಮೇಜಿನ ಮೇಲೆ ಹಸಿರು ಮಖಮಲ್ಲಿನ ದಿಂಬು, ದಿಂಬಿನ ಮೇಲೆ ಕೀ. ರಾಜಕುಮಾರನನ್ನು ಮಲಗಿಸಿದ ಹಾಗೆ ಮಲಗಿಸಿದ್ದರು ಅದನ್ನು.

ಯಾರನ್ನೂ ಕೇಳದೆ ಹೋಗಿ ಎತ್ತಿಕೊಂಡೆ. ಎರಡು ಹೆಜ್ಜೆ ಇಡುವಷ್ಟರಲ್ಲಿ ಕಾವಲಿನವನು ಮಣಿಕಟ್ಟು ತಿರುಚಿದ, ಕೀ ಜಮಖಾನೆಯ ಮೇಲೆ ಬಿತ್ತು. ಕಾಯಿದ್ ಬಂದು ಕಪಾಳಕ್ಕೆ ಹೊಡೆದ. ಉಂಗುರ ತಾಗಿ ತುಟಿ ಒಡೆಯಿತು.

"ಬೆಟ್ಟದ ಪ್ರಾಣಿಗಳು. ಇವರಿಗಾಗಿ ಹೆರಿಗೆ ಮನೆ ಕಟ್ಟಿಸುತ್ತೇವೆ, ಇವರು ಬಂದು ಕದಿಯುತ್ತಾರೆ."

ಅವನು ಕೀಯನ್ನು ಕರವಸ್ತ್ರದಿಂದ ಒರೆಸಿ ಮತ್ತೆ ದಿಂಬಿನ ಮೇಲಿಟ್ಟ, ಸ್ವಲ್ಪ ಎಡಕ್ಕೆ ಸರಿಸಿ ನಟ್ಟನಡುವೆ ಬರುವಂತೆ ಮಾಡಿದ. ಡೇರೆಯ ನೆರಳಲ್ಲಿ ಫಕೀಹ ಸೀ ಅಲ್ಲಾಲ್ ಚಹಾದ ಲೋಟ ಹಿಡಿದು ಕೂತಿದ್ದ. ನಾನು ಅವನ ಕಡೆ ನೋಡಿದಾಗ ಲೋಟದೊಳಕ್ಕೆ ನೋಡಿದ.

ಹಿಂದಕ್ಕೆ ಬಂದೆ. ತುಟಿಯ ರಕ್ತ ಕಂಡು ಮಾಮಾಸ್ ಎದ್ದು ನಿಂತಳು.

"ಎತ್ರಿ," ಅಂದೆ.

"ಎಲ್ಲಿಗೆ?"

"ಆ ಗವರ್ನರ್ ಬರೂ ದಾರಿಗೆ. ಹಾರಿಕೊಂಡಂತೂ ಬರಂಗಿಲ್ಲಲ್ಲ ಸೂಳೆಮಗ."

*

ಕುರಿ ಸುಲಿಯುವ ಜಾಗದಿಂದ ಹಳ್ಳದ ಪಕ್ಕಕ್ಕೆ ಇಳಿದು, ಕಮಾನಿನಾಚೆ ರಸ್ತೆಗೆ ಹತ್ತಿದೆವು. ಟಾರಿನ ನಟ್ಟನಡುವೆ ಚಟ್ಟ ಇಳಿಸಿ ನಾಲ್ಕೂ ಮೂಲೆಗೆ ಕೂತೆವು. ನೋವು ಬಂದಾಗ ಕಚ್ಚಲು ತೂದಾಳ ಬಾಯಿಗೆ ಬಟ್ಟೆ ಕೊಟ್ಟಿದ್ದೆ. ಆ ಹೊತ್ತಿಗೆ ಅವಳಿಗೆ ಅರೆ ಎಚ್ಚರವಿತ್ತು, ಮುಖಕ್ಕೆ ಬಿಸಿಲು ಬೀಳದಿರಲಿ ಎಂದು ಅತ್ತೆ ಶಾಲನ್ನು ತಲೆಯವರೆಗೆ ಎಳೆದಳು.

ಕಾಯಿದ್ ಓಡಿಬರುವಷ್ಟರಲ್ಲಿ ಕಪ್ಪು ಕಾರುಗಳು ತಿರುವಿನಲ್ಲಿ ಕಾಣಿಸಿದವು. ಹಾರ್ನು ಹೊಡೆದವು, ನಾವು ಏಳಲಿಲ್ಲ. ಮುಂದಿನ ಕಾರು ಚಟ್ಟದಿಂದ ಮಾರು ದೂರದಲ್ಲಿ ನಿಂತಿತು. ಹಗ್ಗದ ಹಿಂದಿನ ಊರೆಲ್ಲ ಇತ್ತ ತಿರುಗಿತು, ಟಿವಿಯವನು ಕ್ಯಾಮರಾ ಹೊತ್ತು ಬಂದ. ಅಷ್ಟು ಕಣ್ಣುಗಳ ಮುಂದೆ ನಮ್ಮನ್ನು ಎಳೆದು ಹಾಕುವಂತಿರಲಿಲ್ಲ.

ಗವರ್ನರ್ ಇಳಿದ. ಸಣ್ಣಗಿನ ಮನುಷ್ಯ, ಕನ್ನಡಕ, ಮೆದು ಮುಖ. "ಏನಿದು?" ಅಂದ.

ಕಾಯಿದ್ ಎದೆಯ ಮೇಲೆ ಕೈಯಿಟ್ಟು ಬಾಗಿದ. "ಜನಾಜಾ, ಸ್ವಾಮಿ. ಹೆಣ ಒಯ್ಯುತ್ತಿದ್ದಾರೆ. ಬೆಟ್ಟದ ಬಡವರು. ತಮ್ಮಂಥ ದೊಡ್ಡವರ ದುವಾ ಸಿಕ್ಕರೆ ಸತ್ತವರಿಗೆ ಒಳ್ಳೆಯದು ಅಂತ ದಾರಿಗೆ ತಂದಿಡುತ್ತಾರೆ. ಇವರ ಪದ್ಧತಿ."

ಗವರ್ನರ್ ತಲೆ ತಗ್ಗಿಸಿದ. ಕಾಯಿದ್ ಡೇರೆಯತ್ತ ಬೆರಳು ಆಡಿಸಿದ, ಫಕೀಹ ದಡದಡ ಬಂದ. ಚಟ್ಟವನ್ನು ನೋಡಿದ, ನಮ್ಮನ್ನು ನೋಡಿದ, ಹೆಂಡತಿಯನ್ನು ನೋಡಿದ. ಚಟ್ಟದಲ್ಲಿರುವವಳು ಬದುಕಿದ್ದಾಳೆಂದು ಅವನಿಗೆ ಗೊತ್ತಿತ್ತು. ಕಾಯಿದನ ಮುಖ ನೋಡಿ, ಎರಡೂ ಅಂಗೈ ಎತ್ತಿ, ಸತ್ತವರಿಗಾಗಿ ಓದುವ ಫಾತಿಹಾ ಶುರುಮಾಡಿದ.

ಗವರ್ನರ್ ಕೈ ಎತ್ತಿದ. ಅವನ ಹಿಂದಿನವರು ಎತ್ತಿದರು. ಹಗ್ಗದ ಆಚೆಯ ಗಂಡಸರೆಲ್ಲ ಬಾವುಟವನ್ನು ಕಂಕುಳಲ್ಲಿ ಇಟ್ಟುಕೊಂಡು ಕೈ ಎತ್ತಿದರು. ಬಸ್ಸೂ ಕೂಡ ಎತ್ತಿದ. ತೂದಾ ಸತ್ತೇಹೋದಳು ಎಂದುಕೊಂಡು ಆ ಬೆಪ್ಪ ನಿಂತಲ್ಲೇ ಅಳುತ್ತಿದ್ದ.

ನಾನು ಕೂಗಬೇಕಿತ್ತು. ಬಾಯಿ ತೆರೆದೆ, ನಾಲಿಗೆ ಏಳಲಿಲ್ಲ. ಫಾತಿಹಾ ಶುರುವಾದರೆ ಸುಮ್ಮನಿರಬೇಕು ಎಂದು ಹುಟ್ಟಿದಾಗಿನಿಂದ ತಲೆಗೆ ಮೊಟಕಿ ಕಲಿಸಿದ್ದಾರೆ. ನನ್ನ ನೆಗೆಣ್ಣಿಯನ್ನು ಜೀವಂತ ಹೂಳುತ್ತಿದ್ದಾರೆ, ನಾನು ಮರ್ಯಾದೆಯಿಂದ ಕೂತಿದ್ದೇನೆ. ಕಾಯಿದನ ಏಟಿಗಿಂತ ಅದು ಹೆಚ್ಚು ಉರಿಯಿತು.

ಎದ್ದವಳು ಇಜ್ಜಾ.

"ಅಲ್ಲಾಲ್," ಅಂದಳು. ಗಂಡನ ಹೆಸರನ್ನು, ಸಾವಿರ ಜನರ ನಡುವೆ, ಬರಿಯ ಹೆಸರನ್ನು. "ಕಣ್ಣ ತಗದು ನೋಡು. ಯಾರ ಮ್ಯಾಲ ಓದಾಕತ್ತಿ?"

ಶಾಲನ್ನು ಒಂದೇ ಸಲಕ್ಕೆ ಕಿತ್ತು ಎಸೆದಳು. ಬಿಸಿಲು ಮುಖಕ್ಕೆ ಹೊಡೆದು ತೂದಾ ಕಣ್ಣು ಬಿಟ್ಟಳು. ತನ್ನ ಸುತ್ತ ನಿಂತ ಬಿಳಿಬಟ್ಟೆಯ ಗಂಡಸರನ್ನೂ, ತನ್ನ ಕಡೆ ಎತ್ತಿ ಹಿಡಿದ ಅಷ್ಟೊಂದು ಅಂಗೈಗಳನ್ನೂ ಕಂಡಳು. ಬಾಯಿಯ ಬಟ್ಟೆ ಉಗಿದಳು.

"ಕೈ ಇಳಸ್ರಲೇ," ಅಂದಳು. ದನಿ ಒಡೆದಿತ್ತು, ಆದರೂ ಹಗ್ಗದ ತನಕ ಕೇಳಿಸಿತು. "ನಾ ಇನ್ನೂ ಸತ್ತಿಲ್ಲ."

ಫಕೀಹನ ಬಾಯಲ್ಲಿ ಓದು ಅರ್ಧಕ್ಕೆ ನಿಂತಿತು.

"ಏನನ್ನುತ್ತಾಳೆ?" ಎಂದು ಗವರ್ನರ್ ಕೇಳಿದ. ಅವನಿಗೆ ನಮ್ಮ ಮಾತು ಬಾರದು. ಕಾಯಿದ್ ಬಾಯಿ ತೆರೆಯುವ ಮೊದಲು ನನ್ನ ನಾಲಿಗೆ ಬಿಚ್ಚಿಕೊಂಡಿತು.

"ಕೈ ಇಳಿಸಿ ಅನ್ನುತ್ತಾಳೆ. ಕೂಸು ಅಡ್ಡ ಸಿಕ್ಕಿಕೊಂಡಿದೆ, ಹೊಟ್ಟೆ ಕೊಯ್ಯಬೇಕು. ನಿಮ್ಮ ಆಂಬುಲೆನ್ಸಿನ ಕೀ ದಿಂಬಿನ ಮೇಲೆ ನಿದ್ದೆ ಮಾಡುತ್ತಿದೆ, ನೀವು ಕೊಡುವ ತನಕ ಏಳುವುದಿಲ್ಲವಂತೆ. ನಿಮ್ಮ ಕಾರಿನಲ್ಲಿ ಕೀ ಇದೆ."

ಅವನು ಕಾಯಿದನ ಮುಖ ನೋಡಿದ. ಕಾಯಿದ್ ಬೆವರುತ್ತ, "ಎರಡೇ ನಿಮಿಷ, ಸ್ವಾಮಿ. ಮೊದಲು ಟೇಪು ಆಗಿಬಿಡಲಿ. ಟಿವಿಯವರು ಕಾದಿದ್ದಾರೆ," ಅಂದ.

ಗವರ್ನರ್ ಒಮ್ಮೆ ಚಟ್ಟದತ್ತ, ಒಮ್ಮೆ ಟೇಪಿನತ್ತ ನೋಡಿದ. ಕನ್ನಡಕ ತೆಗೆದು ಒರೆಸತೊಡಗಿದ.

ನಾನು ಕಾರಿನ ಹಿಂದಿನ ಬಾಗಿಲು ತೆರೆದೆ. ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಇಜ್ಜಾ ತೂದಾಳ ಕಂಕುಳಿಗೆ ಕೈ ಹಾಕಿದಳು, ಅತ್ತೆ ಮತ್ತು ಮಾಮಾಸ್ ಕಾಲು ಹಿಡಿದರು. ಕಾವಲಿನವನು ಕೋಲು ಎತ್ತಿದ, ಕ್ಯಾಮರಾ ಕಂಡು ಇಳಿಸಿದ. ಬಿಳಿ ಹೊದಿಕೆಯ ಸೀಟಿನ ಮೇಲೆ ಅವಳನ್ನು ಮಲಗಿಸಿ, ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ರಕ್ತ ಸೀಟಿನ ಉದ್ದಕ್ಕೂ ಹರಡಿತು.

ಮಾಮಾಸ್ ಹೊರಗೆ ಉಳಿದಳು. ಬರಿದಾದ ಚಟ್ಟವನ್ನು ಒಬ್ಬಳೇ ಎಳೆದು ತಂದು ಕಾಯಿದನ ಬೂಟಿನ ಮುಂದೆ ಹಾಕಿದಳು.

"ತಗೋ. ಮಲಕೋ ಇದರಾಗ. ನಿನ್ನ ಮ್ಯಾಲ ಓದಾಕ ನಿಮ್ಮ ಫಕೀಹ ತಯಾರದಾನ."

ನಾನು ಬಾಗಿಲು ಎಳೆದುಕೊಂಡೆ. ಇಂಜಿನ್ ಚಾಲೂ ಇತ್ತು. ಡ್ರೈವರ್ ಎರಡೂ ಕೈಯನ್ನು ಸ್ಟೀರಿಂಗಿನ ಮೇಲಿಟ್ಟು ಗಾಜಿನಾಚೆ ಗವರ್ನರನನ್ನೇ ನೋಡುತ್ತಿದ್ದ.

"ನಡಿ ಅಣ್ಣಾ," ಅಂದೆ.

"ಅಪ್ಪಣೆ ಆಗಬೇಕು."

ಗಾಜಿನಾಚೆ ಗವರ್ನರ್ ಇನ್ನೂ ಕನ್ನಡಕ ಒರೆಸುತ್ತಿದ್ದ. ಕಾಯಿದ್ ಅವನ ಕಿವಿಯಲ್ಲಿ ಏನೋ ಹೇಳುತ್ತಿದ್ದ, ಡೇರೆಯಿಂದ ಯಾರೋ ತಟ್ಟೆಯಲ್ಲಿ ಕತ್ತರಿ ತರುತ್ತಿದ್ದರು. ತೂದಾಳಿಗೆ ಮತ್ತೆ ನೋವು ಎದ್ದಿತು. ನನ್ನ ಕೈಯನ್ನು ಬಿಟ್ಟು, ಮುಂದಕ್ಕೆ ಚಾಚಿ, ರಕ್ತ ಮೆತ್ತಿದ ಬೆರಳುಗಳಿಂದ ಡ್ರೈವರನ ಬಿಳಿ ಕಾಲರನ್ನು ಹಿಂದಿನಿಂದ ಹಿಡಿದಳು. ಅವನು ಕೊಸರಿಕೊಂಡ. ಅವಳು ಬಿಡಲಿಲ್ಲ.